ಆರಿಸಿ ಇಡುವುದು

ನನ್ನ ಮೊಮ್ಮಗಳಿಗೆ ಬಳ್ಳಾರಿಯಲ್ಲಿ ಲೈಬ್ರರಿ ಕೆಲಸ ಸಿಕ್ಕಿದೆ. ಇದನ್ನು ಹಾಲಿನವನಿಗೆ ಹೇಳಿದ್ದಾಯ್ತು, ಕರೆಂಟ್ ಬಿಲ್ಲು ಕೊಡಲು ಬಂದವನಿಗೆ ಹೇಳಿದ್ದಾಯ್ತು, ಇನ್ನು ಎದುರು ಮನೆಯ ಎಮ್ಮೆಗೆ ಹೇಳುವುದೊಂದು ಬಾಕಿ. ನಾನು ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟವಳು. ನಮ್ಮ ಮನೆಯ ಹುಡುಗಿ ಕುರ್ಚಿ ಮೇಲೆ ಕುಂತು, ಸುತ್ತಮುತ್ತ ಪುಸ್ತಕ ಇಟ್ಟುಕೊಂಡು, "ಮೆಲ್ಲಗ ಮಾತಾಡ್ರಿ, ಓದೋರಿಗೆ ತ್ರಾಸಾಗ್ತೈತಿ" ಅಂತ ದೊಡ್ಡ ದೊಡ್ಡವರಿಗೇ ಹೇಳುತ್ತಾಳಂತೆ. ನನ್ನ ಕಣ್ಣು ತುಂಬದೆ ಇನ್ನೇನಾಗಬೇಕು?  

ಹೋದ ವಾರ ಬಂದವಳು ನನ್ನ ಮಗ್ಗುಲಿಗೆ ಕುಂತು ಕೇಳಿದಳು. "ಜೇಜೀ, ಲೈಬ್ರರಿಗೆ ಬೆಂಕಿ ಬಿದ್ರ ಏನು ಮಾಡ್ಬೇಕು, ನೀರು ಬಂದ್ರ ಏನು ಮಾಡ್ಬೇಕು ಅಂತ ಮೊದಲೇ ಯೋಚನಿ ಮಾಡಿ ಬರೆದಿಡ್ರಿ ಅಂದಾರ. ನಮ್ಮ ತಾತ ಕೆಲಸಕ್ಕಿದ್ದ ಸಿರುಗುಪ್ಪದ ವಾಚನಾಲಯಕ್ಕ ನೀರು ಬಂದಿತ್ತಂತಲ್ಲ, ಏನಾಗಿತ್ತು ಹೇಳು."

ನಾನು ನಗುನಗುತ್ತಲೇ ಸುರು ಮಾಡಿದೆ. ಅರ್ಧಕ್ಕೆ ನಗು ನಿಂತಿತು. ಮಗು ಹೊಸ ಕೆಲಸಕ್ಕೆ ಹೋಗುವ ಖುಷಿಯಲ್ಲಿದ್ದಾಳೆ, ಅವಳ ಎದುರಿಗೆ ಕುಂತು ಅಳುವುದು ಬೇಡ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ತಪ್ಪುಗಳಿದ್ದರೆ ತಿದ್ದಿಕೊಳ್ಳಲಿ, ಈಗ ಅದೇ ಅವಳ ಕೆಲಸ.

ಎಮರ್ಜೆನ್ಸಿ ಮುಗಿದು ಒಂದೆರಡು ವರ್ಷ ಆಗಿದ್ದ ಕಾಲ. ಅದಕ್ಕೂ ಮೊದಲು ನಾವಿಬ್ಬರೂ ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನಲ್ಲಿ ದುಡಿಯುತ್ತಿದ್ದೆವು. ನನ್ನ ಗಂಡ ಹಮಾಲಿ, ನಾನು ಅಕ್ಕಿ ಆರಿಸುವವಳು. ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು, ಕರಿಕಾಳು, ನೆಲ್ಲು ಬೇರೆ ಮಾಡುವುದು. ಬೆಳಗಿನಿಂದ ಸಂಜೆಯ ತನಕ ಅದೇ. ಅಂಗಳದಲ್ಲಿ ಕುದಿಸಿದ ನೆಲ್ಲು ಹರವಿದರೆ ಅದಕ್ಕೆ ನಾವು ‘ಒಣಗಿಸೋದು’ ಅಂತಿದ್ದೆವು. ‘ಆರಿಸೋದು’ ಅಂದರೆ ಒಳ್ಳೆಯದು ಈ ಕಡೆ, ಬ್ಯಾಡಾದದ್ದು ಆ ಕಡೆ. ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹಂಗೇ ಹೇಳುತ್ತಿದ್ದರು.

ಒಂದು ದಿನ ಮೂಟೆ ಜಾರಿ ನನ್ನ ಗಂಡನ ಸೊಂಟಕ್ಕೆ ಪೆಟ್ಟು ಬಿತ್ತು. ಮತ್ತೆ ಮೂಟೆ ಹೊರಬಾರದು ಅಂದರು ಡಾಕ್ಟರು. ಮನೆಯಲ್ಲಿ ಎರಡು ಸಣ್ಣ ಮಕ್ಕಳು. ಆಗ ಯಾರೋ ಪುಣ್ಯಾತ್ಮರು ಹೇಳಿ, ಊರಿನ ವಾಚನಾಲಯದಲ್ಲಿ ಜವಾನನ ಕೆಲಸ ಕೊಡಿಸಿದರು. ಕಸ ಹೊಡೆಯುವುದು, ಪೇಪರ್ ಹರವುವುದು, ಪುಸ್ತಕ ತೆಗೆದುಕೊಡುವುದು. ಖಾಯಂ ಆಗಿರಲಿಲ್ಲ. ಬ್ಯಾಡ ಅಂದರೆ ಮರುದಿನ ಬ್ಯಾಡ. ಆ ಕೆಲಸ ಹೋದರೆ ಅವನ ಆ ಸೊಂಟಕ್ಕೆ ಸಿರುಗುಪ್ಪದಲ್ಲಿ ಬೇರೆ ಕೆಲಸವೇ ಇರಲಿಲ್ಲ.

ವಾಚನಾಲಯವನ್ನು ಒಂದು ಕಮಿಟಿ ನಡೆಸುತ್ತಿತ್ತು. ಅದರ ಪ್ರೆಸಿಡೆಂಟರು ಬಳ್ಳಾರಿಯ ಹತ್ತಿ ವ್ಯಾಪಾರಿ. ಪುಸ್ತಕ ನೋಡಿಕೊಳ್ಳಲು ಒಬ್ಬ ಸಾರು ಇದ್ದರು, ಅವರೂ ಬಳ್ಳಾರಿಯವರೇ, ಸತ್ಯನಾರಾಯಣಪೇಟೆಯವರು. ತೆಳ್ಳಗಿನ ಮನುಷ್ಯ, ಇನ್ನೂ ಮದುವೆ ಇಲ್ಲ, ಹಣೆ ಮೇಲೆ ಅಂಗಾರ, ಅಕ್ಷತೆ. ಸಿರುಗುಪ್ಪದಲ್ಲಿ ಒಂದು ರೂಮು ಮಾಡಿಕೊಂಡಿದ್ದು, ಶನಿವಾರ ಸಂಜೆ ಊರಿಗೆ ಹೋಗಿ ಸೋಮವಾರ ಮೊದಲ ಬಸ್ಸಿಗೆ ಬರುತ್ತಿದ್ದರು. ಪುಸ್ತಕ ಅಂದರೆ ಅವರಿಗೆ ಹೆತ್ತ ಮಕ್ಕಳಿದ್ದಂಗೆ. ಯಾರಾದರೂ ಎಂಜಲು ಹಚ್ಚಿ ಹಾಳೆ ತಿರುವಿದರೆ ಅವರ ಮುಖ ಹುಣಸೆಹಣ್ಣು ತಿಂದಂಗೆ ಆಗುತ್ತಿತ್ತು.

ಬಳ್ಳಾರಿಯಲ್ಲಿ ಯಾವುದೋ ಗೋದಾಮಿಗೆ ಬೆಂಕಿ ಬಿದ್ದು ಹಳೇ ಕಾಗದವೆಲ್ಲ ಸುಟ್ಟುಹೋದವಂತೆ. ಅದನ್ನು ನೋಡಿಬಂದ ಸಾರು ಒಂದು ಹಲಗೆ ತರಿಸಿ, ತಾವೇ ಬಣ್ಣದಲ್ಲಿ ಬರೆದು ಬಾಗಿಲ ಪಕ್ಕ ತೂಗುಹಾಕಿದರು. ‘ಬೆಂಕಿ ಬಿದ್ದರೆ ಮರಳು ಸುರಿದು ಆರಿಸುವುದು. ನೀರು ಬಂದರೆ ಪುಸ್ತಕ ಎತ್ತರಕ್ಕೆ ಏರಿಸುವುದು. ಆರಿಸಿ ಇಡುವುದು.’ ಇಷ್ಟೇ. ನನ್ನ ಗಂಡ ಅದನ್ನು ಕೂಡಿಸಿ ಕೂಡಿಸಿ ಓದಿ, ಬಾಯಿಪಾಠ ಮಾಡಿ, ನನ್ನ ಮುಂದೂ ಒಪ್ಪಿಸಿದ.

ಸಾರಿಗೆ ಹಲಗೆ ಸಾಲಲಿಲ್ಲ. ಅಭ್ಯಾಸ ಆಗಬೇಕು ಅಂದರು. ಒಂದು ದಿನ ಮಧ್ಯಾಹ್ನ ಇದ್ದಕ್ಕಿದ್ದಂಗೆ ಎದ್ದು "ಬೆಂಕಿ!" ಅಂತ ಕೂಗಿದರು. ನನ್ನ ಗಂಡ ಓಡಿಹೋಗಿ ಮರಳಿನ ಬಕೆಟ್ ಎತ್ತಿ ಸುರಿದ. ಮರಳಿಗಿಂತ ಬೀಡಿ ತುಂಡೇ ಜಾಸ್ತಿ ಬಿದ್ದವು. ಪೇಪರ್ ಓದುವವರೆಲ್ಲ ಅದರಲ್ಲೇ ಬೀಡಿ ಚುಚ್ಚುತ್ತಿದ್ದರು.

"ಇದು ಬೆಂಕಿ ಆರಿಸಲಿಕ್ಕೆ ಇಟ್ಟಿದ್ದೋ, ಹಚ್ಚಲಿಕ್ಕೋ?" ಅಂತ ಸಾರು ಹಣೆ ಚಚ್ಚಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು "ನೀರು!" ಅಂತ ಕೂಗಿದರು. ಮೂಲೆಯಲ್ಲಿ ಕುಂತಿದ್ದ ಒಬ್ಬ ಮುದುಕ ಪೇಪರಿನಿಂದ ತಲೆ ಎತ್ತದೆ ತನ್ನ ಗ್ಲಾಸು ಮುಂದಕ್ಕೆ ದೂಡಿದ.

"ತಗೋರಿ ಸಾರೂ, ನಾನಿನ್ನೂ ಎಂಜಲು ಮಾಡಿಲ್ಲ."

ಇಡೀ ವಾಚನಾಲಯ ಬಿದ್ದು ಬಿದ್ದು ನಕ್ಕಿತಂತೆ. ಸಾರೂ ನಕ್ಕರಂತೆ. ಆ ನಗುವಿನಲ್ಲಿ ನೀರಿನ ಅಭ್ಯಾಸ ಅಲ್ಲಿಗೇ ನಿಂತಿತು. ಪುಸ್ತಕ ಏರಿಸಲೂ ಇಲ್ಲ, ಮುಂದಿನ ಮಾತಿಗೆ ಅರ್ಥ ಏನು ಅಂತ ಒಬ್ಬರನ್ನೊಬ್ಬರು ಕೇಳಲೂ ಇಲ್ಲ.

ಅದೇ ವರ್ಷ ಕುರುಗೋಡಿನಿಂದ ಒಬ್ಬ ತಾತ ಬಂದರು. ರಿಟೈರ್ ಆದ ಸಾಲಿ ಮಾಸ್ತರು, ಹಣೆ ತುಂಬ ವಿಭೂತಿ. ಅವರ ಅಪ್ಪ, ಮುತ್ತಜ್ಜ ಬರೆದಿಟ್ಟ ಓಲೆಗರಿಯ ಕಟ್ಟುಗಳು ಮನೆಯಲ್ಲಿದ್ದವು, ಗೆದ್ದಲು ಹತ್ತುತ್ತಿತ್ತು. ಸಾರಿನ ಹೆಸರು ಕೇಳಿಕೊಂಡು, ಅವನ್ನು ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದರು. ಸಾರು ಎರಡೂ ಕೈಯಲ್ಲಿ ಇಸಕೊಂಡು, ಗಾಜಿನ ಬೀರುವಿನ ಕೆಳಗಿನ ಅರೆಯಲ್ಲಿ, ಬಿಸಿಲು ತಾಕದ ಕಡೆ ಇಟ್ಟು ಬೀಗ ಹಾಕಿದರು. ಬೀಗದ ಕೈ ಅವರ ಜೇಬಿನಲ್ಲೇ ಇರುತ್ತಿತ್ತು. ಅವರಿಬ್ಬರೂ ಆವತ್ತು ಏನೇನು ಮಾತಾಡಿಕೊಂಡರೋ ನನ್ನ ಗಂಡನಿಗೆ ಗೊತ್ತಿರಲಿಲ್ಲ, ಟೀ ತರಲು ಹೋಗಿದ್ದ.

ಆ ಮಳೆಗಾಲದಲ್ಲಿ ಹೊಳೆ ಬಂತು. ಸೋಮವಾರ ಬೆಳಿಗ್ಗೆ ಕರೂರಿನ ಬಸ್ಸು ಇಳಿದವರ ಕೈಯಲ್ಲಿ ಬರೀ ಗಂಟುಮೂಟೆ, ಕೋಳಿ, ಹಸುಗೂಸು. ಕೆಂಚನಗುಡ್ಡದ ಕಡೆ ನೀರು ದಂಡೆ ಮೀರಿದೆ ಅಂದರು. ಬಳ್ಳಾರಿ ದಾರಿಯಲ್ಲಿ ಹಳ್ಳ ತುಂಬಿ ಬಸ್ಸು ನಿಂತಿದ್ದವು, ಸಾರು ಬರುವ ಹಂಗಿರಲಿಲ್ಲ. ನನ್ನ ಗಂಡ ಅಂಗಿ ಹಾಕಿಕೊಂಡು ಹೊರಟ. ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ನಾನೂ ಹಿಂದೆ ಓಡಿದೆ. ದಾರಿಯಲ್ಲಿ ಜನ ಬೈದರು.

"ಲೇ, ಮನಿ ಮಠ ಮುಳುಗಾಕ ಹತ್ಯಾವು, ನೀನು ಪುಸ್ತಕಕ್ಕ ಓಡ್ತೀಯಲ್ಲೋ! ಅವೇನು ನಿನ್ನ ಬೀಗರಾ?"

ನಾವು ಬಾಗಿಲು ತೆಗೆದಾಗ ನೀರು ಕೊನೇ ಮೆಟ್ಟಿಲಲ್ಲಿತ್ತು. ಒಳಗೆ ಒಂದು ಅಟ್ಟ, ಅದಕ್ಕೊಂದು ಏಣಿ. ಅಟ್ಟದಲ್ಲಿ ಇದ್ದಬಿದ್ದ ಪುಸ್ತಕವೆಲ್ಲ ಹಿಡಿಯುವುದಿಲ್ಲ ಅಂತ ನೋಡಿದ ಕೂಡಲೇ ತಿಳಿಯುತ್ತಿತ್ತು. ನನ್ನ ಗಂಡ ಹಲಗೆಯ ಮುಂದೆ ನಿಂತು ಜೋರಾಗಿ ಓದಿದ. "ಎತ್ತರಕ್ಕೆ ಏರಿಸುವುದು. ಆರಿಸಿ ಇಡುವುದು."

"ಸಾರಿಗೆ ಎಷ್ಟು ಬುದ್ಧಿ ನೋಡು," ಅಂದ. "ಅಟ್ಟ ಸಣ್ಣದು ಅಂತ ಮೊದಲೇ ಗೊತ್ತಿತ್ತು. ಆರಿಸಿ ಇಡು ಅಂದಾರ."

ಸೊಂಟ ಹಿಡಿದುಕೊಂಡು ಅವನು ಏಣಿ ಹತ್ತಿದ, ನಾನು ಕೆಳಗಿನಿಂದ ಕೊಟ್ಟೆ. ಯಾವುದು ಒಳ್ಳೆಯದು? ಅದಕ್ಕೆ ಅವನ ಹತ್ತಿರ ಒಂದೇ ಲೆಕ್ಕ. ಯಾವುದನ್ನು ಜನ ದಿನಾ ಕೇಳುತ್ತಾರೋ ಅದು. ಅಟ್ಟೆ ಹರಿದಿದ್ದು, ಮೂಲೆ ಮಡಚಿದ್ದು, ಎಣ್ಣೆಗೈ ಹತ್ತಿದ್ದು. ಮಕ್ಕಳ ಚಿತ್ರದ ಕಥೆಗಳು ಮೊದಲು ಹೋದವು. ಆಮೇಲೆ ಪತ್ತೇದಾರಿ ಕಾದಂಬರಿ, ಹೆಣ್ಣುಮಕ್ಕಳು ಓದುವ ಕಾದಂಬರಿ, ನೆಲ್ಲಿನ ರೋಗದ ಪುಸ್ತಕ, ಏಳನೇ ಕ್ಲಾಸಿನ ಗೈಡು. ದಪ್ಪ ದಪ್ಪ ಹೊಸ ಪುಸ್ತಕ ಎತ್ತಿಕೊಟ್ಟರೆ "ಅದು ಬ್ಯಾಡ, ಅದನ್ನ ಒಬ್ರೂ ಮುಟ್ಟಿಲ್ಲ" ಅಂತಿದ್ದ. ನೀರು ಒಳಗೆ ಬಂದು ನನ್ನ ಪಾದ ಮುಟ್ಟಿತು, ಮೊಣಕಾಲು ಮುಟ್ಟಿತು. ಸೀರೆ ಎತ್ತಿ ಕಟ್ಟಿಕೊಂಡೆ.

"ಆ ಗಾಜಿನ ಬೀರು?" ಅಂದೆ.

ಅವನು ಏಣಿ ಮೇಲಿಂದ ಬಹಳ ಹೊತ್ತು ಅದನ್ನೇ ನೋಡಿದ. "ಬೀಗ ಐತಿ. ಗಾಜು ಒಡೆದ್ರ ಕೆಲಸ ಹೋಗ್ತೈತಿ. ಆ ಕಡ್ಡಿ ಕಟ್ಟನ್ನ ಯಾರು ಓದ್ತಾರ? ಇವತ್ತಿನ ತನ ಒಬ್ರೂ ಕೇಳಿಲ್ಲ."

ಅಟ್ಟ ತುಂಬಿತು. ನಾವು ಒಬ್ಬರ ಕೈ ಒಬ್ಬರು ಹಿಡಿದು ಎದೆಮಟ್ಟದ ನೀರಿನಲ್ಲಿ ಮನೆ ಸೇರಿದೆವು. ನಮ್ಮ ಮನೆ ಮಿಲ್ಲಿನ ಹತ್ತಿರದ ದಿಬ್ಬದ ಮೇಲಿತ್ತು, ಉಳಿಯಿತು. ಕೆಳಗಿನ ಓಣಿಯ ಮಣ್ಣಿನ ಗೋಡೆಗಳು ಒಂದರ ಹಿಂದೊಂದು ಕುಸಿದವು. ನನ್ನ ಜೊತೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದ ಒಬ್ಬ ಮುದುಕಿ ಗೋಡೆಯ ಕೆಳಗೆ ಸಿಕ್ಕಳು. ನೀರು ಇಳಿದ ಮೇಲೆ ಅವಳನ್ನು ತೆಗೆದರು. ಕೈಯಲ್ಲಿ ಬಳೆ ಹಂಗೇ ಇದ್ದವು. ಊರೆಲ್ಲ ಸತ್ತ ದನದ ವಾಸನೆ. ಆ ವಾಸನೆಯಲ್ಲೇ ಉಂಡೆವು, ಆ ವಾಸನೆಯಲ್ಲೇ ಮಲಗಿದೆವು.

ದಾರಿ ಬಿಟ್ಟ ದಿನವೇ ಸಾರು ಬಂದರು. ಕೆಸರಲ್ಲಿ ಪಂಚೆ ಎತ್ತಿ ಹಿಡಿದುಕೊಂಡು ಬಾಗಿಲಲ್ಲಿ ನಿಂತರು. ಒಳಗೆ ಪುಸ್ತಕ ಉಬ್ಬಿ, ಅರೆಗಳನ್ನೇ ಸೀಳಿಕೊಂಡು ಹೊರಗೆ ಬಂದಿದ್ದವು. ನಾವಿಬ್ಬರೂ ಮೊರದಲ್ಲಿ ಕೆಸರು ಬಳಿಯುತ್ತಿದ್ದೆವು.

"ಆರಿಸಿ ಇಡು ಅಂತ ಬರೆದಿದ್ದೆನಲ್ಲಪ್ಪಾ," ಅಂದರು. ದನಿಯೇ ಇರಲಿಲ್ಲ.

"ಆರಿಸೀನಿ ಸಾರ್."

"ಎಲ್ಲಿ ಆರಿಸಿದ್ದೀ? ಎಲ್ಲ ತೊಯ್ದು ತೊಪ್ಪೆ ಆಗಿದಾವಲ್ಲೋ!"

"ಆರಿಸಿದ್ದೆಲ್ಲ ಅಟ್ಟದ ಮ್ಯಾಲೆ ಅದಾವ್ರೀ. ಒಂದೂ ತೊಯ್ದಿಲ್ಲ."

ಸಾರು ಏಣಿ ಹತ್ತಿ ಅಟ್ಟಕ್ಕೆ ತಲೆ ಹಾಕಿದರು. ಹರಕು ಚಿತ್ರಕಥೆಗಳನ್ನು ಕಂಡರು. ಇಳಿಯಲಿಲ್ಲ, ಏಣಿಯ ನಡುವೆಯೇ ಹಂಗೇ ಕುಂತುಬಿಟ್ಟರು. ಆಗ ಮೆಲ್ಲಗೆ ಹೇಳಿದರು, "ಒಣಗಿಸಿ ಇಡು ಅಂತ, ಮಾರಾಯಾ. ಎಲ್ಲ ಮೇಲೆ ಹಾಕು, ತೊಯ್ದಿದ್ದನ್ನ ಒಣಗಿಸು ಅಂತ. ಮೇಜಿನ ಮೇಲೆ, ಬೀರುಗಳ ತಲೆ ಮೇಲೆ, ಎಲ್ಲಿ ಜಾಗ ಐತೋ ಅಲ್ಲಿ."

ನನ್ನ ಗಂಡನ ಕೈಯಿಂದ ಮೊರ ಜಾರಿ ಕೆಸರಿಗೆ ಬಿತ್ತು.

ಗಾಜಿನ ಬೀರುವಿನ ಬಾಗಿಲು ಉಬ್ಬಿಕೊಂಡು ಕಿತ್ತರೂ ಬರಲಿಲ್ಲ. ಕಡೆಗೆ ಆ ಗಾಜನ್ನು ಒಡೆದರು. ಓಲೆಗರಿ ಒಂದಕ್ಕೊಂದು ಹತ್ತಿ ಕರಿ ಬೆಲ್ಲದ ಅಚ್ಚಿನಂಗೆ ಆಗಿದ್ದವು. ಸಾರು ಒಂದು ಗರಿ ಬಿಡಿಸಲು ನೋಡಿದರು. ಉಗುರಿಗೆ ಪುಡಿ ಬಂತು. ಮತ್ತೆ ಮುಟ್ಟಲಿಲ್ಲ.

ಸುದ್ದಿ ಕೇಳಿ ಕುರುಗೋಡಿನ ತಾತ ಬಂದರು. ಕೂಗಾಡಿದ್ದರೆ ಚೆನ್ನಾಗಿತ್ತು, ಅವರು ಕೂಗಾಡಲಿಲ್ಲ. ಆ ಕರಿ ಗಟ್ಟಿಯನ್ನು ನೋಡಿ ತಲೆ ಮೇಲಿನ ಟೋಪಿ ತೆಗೆದರು. ಆಮೇಲೆ ಕೇಳಿದರು.

"ಯಾವು ಉಳಿದಾವು?"

ನನ್ನ ಗಂಡ ಅಟ್ಟದಿಂದ ಇಳಿಸಿದ್ದನ್ನು ತೋರಿಸಿದ. ತಾತ ಒಂದು ಪತ್ತೇದಾರಿ ಕಾದಂಬರಿ ಎತ್ತಿಕೊಂಡರು. ಅದರ ಅಟ್ಟೆಯ ಮೇಲೆ ಒಬ್ಬ ಕರಿ ಕನ್ನಡಕದವನು ಪಿಸ್ತೂಲು ಹಿಡಿದಿದ್ದ.

"ಇವನನ್ನ ಉಳಿಸಿದ್ಯಾ?"

"ಇದನ್ನ ದಿನಾ ಯಾರರ ಕೇಳ್ತಾರ್ರೀ."

"ನಮ್ಮಪ್ಪನ್ನ ಯಾರೂ ಕೇಳ್ಲಿಲ್ಲ ಅನ್ನು," ಅಂದರು ತಾತ.

ಅವರು ಕಮಿಟಿಗೆ ದೂರು ಕೊಟ್ಟರು. ಕೊಡದೆ ಇನ್ನೇನು ಮಾಡುತ್ತಾರೆ? ಬಳ್ಳಾರಿಗೆ ಬನ್ನಿ ಅಂತ ಪ್ರೆಸಿಡೆಂಟರಿಂದ ಎಲ್ಲರಿಗೂ ಕರೆ ಬಂತು. ಆ ದಿನ ಬರುವ ತನಕ ನನ್ನ ಗಂಡ ಸರಿಯಾಗಿ ಉಣ್ಣಲಿಲ್ಲ. ರೊಟ್ಟಿ ಮುರಿದು ಮುಂದೆ ಇಟ್ಟುಕೊಂಡು ಗೋಡೆ ನೋಡುತ್ತಿದ್ದ. ಕೆಲಸ ಹೋದರೆ ಮಿಲ್ಲಿನಲ್ಲಿ ಮತ್ತೆ ಮೂಟೆ ಹೊರುತ್ತೇನೆ ಅಂದ. ಎದ್ದು ನಿಲ್ಲಲು ಗೋಡೆ ಹಿಡಿಯುವ ಮನುಷ್ಯ. ಅವನೊಬ್ಬನನ್ನೇ ಕಳಿಸಲು ನನಗೆ ಧೈರ್ಯ ಬರಲಿಲ್ಲ. ಸಣ್ಣವಳನ್ನು ಕಂಕುಳಲ್ಲಿ ಎತ್ತಿಕೊಂಡು ಜೊತೆಗೆ ಹೋದೆ. ಅವಳೇ ನನ್ನ ಮೊಮ್ಮಗಳ ಅವ್ವ. ಆವತ್ತು ಬಸ್ಸಿನಲ್ಲಿ ಕಂಡಕ್ಟರನ ಚೀಲಕ್ಕೆ ಕೈ ಹಾಕಿ ಹಲ್ಲು ಬಿಡುತ್ತಿತ್ತು, ಅದಕ್ಕೇನು ಗೊತ್ತು.

ಪ್ರೆಸಿಡೆಂಟರ ಹತ್ತಿ ಮಿಲ್ಲಿನ ಆಫೀಸಿನಲ್ಲಿ ಸೇರಬೇಕಿತ್ತು. ಹೊರಗಿನ ಬೆಂಚಿನ ಮೇಲೆ ನಾವು ಕುಂತೆವು, ಆ ತುದಿಗೆ ತಾತ. ಗಾಳಿಯಲ್ಲಿ ಹತ್ತಿಯ ಎಳೆ ತೇಲಿಬಂದು ಮಗುವಿನ ಕೂದಲಿಗೆ ಹತ್ತುತ್ತಿದ್ದವು. ತಾತ ಅದನ್ನು ನೋಡುತ್ತ ನೋಡುತ್ತ ತಮ್ಮಷ್ಟಕ್ಕೆ ತಾವು ಹೇಳಿದರು, "ಗರಿ ಕೊಟ್ಟ ದಿನ ನಿಮ್ಮ ಸಾರು ಆ ಹಲಗಿ ಓದಿ ತೋರಿಸಿದ್ರು. ನೀರು ಬಂದ್ರೂ ಅಂಜಬ್ಯಾಡ್ರಿ, ಒಂದೊಂದು ಗರಿ ನೆರಳಿನಾಗ ಒಣಗಿಸಿ ಕೊಡ್ತೀನಿ, ಆರಿಸೋದು ಅಂದ್ರ ಅದೇ ಅಂದ್ರು. ನಾನೂ ಮಾಸ್ತರ ಅದೀನಿ, ಅರ್ಥ ತಿಳಕೊಂಡೇ ಕೊಟ್ಟೆ."

 ಒಳಗೆ ಈ ಮಾತು ಬಂದರೆ ನಮ್ಮ ಕಥೆ ಮುಗಿಯಿತು.

ಒಳಗೆ ಕರೆದರು. ಹಲಗೆಯನ್ನು ತರಿಸಿ ಮೇಜಿಗೆ ಒರಗಿಸಿದ್ದರು. ಪ್ರೆಸಿಡೆಂಟರು ಕನ್ನಡಕ ಏರಿಸಿ ಓದಿದರು.

"ಏನ್ರೀ ಇದು ಆರಿಸಿ ಅಂದ್ರ? ಒಣಗಿಸಿ ಅಂತ ತಾನೆ? ಹಂಗಿದ್ರ ಈ ಮನುಷ್ಯ ಎಲ್ಲಾ ಎತ್ತಬೇಕಿತ್ತು. ಮೇಜು ಐತಿ, ಬೀರುಗಳ ತಲೆ ಐತಿ. ತನಗ ಬೇಕಾದ್ದು ಎತ್ತಿ, ಬೆಲೆಬಾಳೋದು ನೀರಿಗೆ ಬಿಟ್ಟಾನ. ಇಂಥವನನ್ನ ಇಟ್ಟುಕೊಂಡು ನಾನೇನು ಮಾಡ್ಲಿ?"

 ಸಾರು ಹಲಗೆಯ ಕಡೆ ನೋಡುತ್ತಿದ್ದರು. ನಾನು ಮನಸ್ಸಿನಲ್ಲೇ ಕಂಡ ಕಂಡ ದೇವರಿಗೆಲ್ಲ ಕೈ ಮುಗಿದೆ.

"ಇಲ್ಲ ಸಾರ್," ಅಂದರು ಸಾರು. "ಆಯ್ಕೆ ಮಾಡಿ ಇಡುವುದು ಅಂತಲೇ ಬರೆದದ್ದು. ಅವನು ಬರೆದಂತೆ ಮಾಡಿದ್ದಾನೆ. ಯಾವುದು ಮೊದಲು ಅಂತ ನಾನು ಹೇಳಿರಲಿಲ್ಲ. ಕೀಲಿಯೂ ನನ್ನ ಜೇಬಿನಲ್ಲೇ ಇತ್ತು."

 ಪ್ರೆಸಿಡೆಂಟರು ತಾತನ ಕಡೆ ತಿರುಗಿದರು. "ನೀವು ಕನ್ನಡ ಮಾಸ್ತರು. ನೀವು ಹೇಳ್ರಿ."

ತಾತ ನನ್ನ ಗಂಡನನ್ನು ನೋಡಿದರು. ಆಮೇಲೆ ಸಾರನ್ನು ಬಹಳ ಹೊತ್ತು ನೋಡಿದರು. 

"ಆರಿಸೋದು ಅಂದ್ರ ಆಯ್ಕೆ ಅಂತಾನೂ ಆಗ್ತೈತ್ರಿ. ಭಾಷಾದಾಗ ತಪ್ಪಿಲ್ಲ," ಅಂದರು.

ನನ್ನ ಗಂಡನ ಕೆಲಸ ಉಳಿಯಿತು. ಸಾರಿನ ಕೆಲಸ ಹೋಯಿತು. ಹಿಂಗೆ ಹುಚ್ಚುಚ್ಚಾಗಿ ಬರೆದವರನ್ನು ಇಟ್ಟುಕೊಳ್ಳುವುದಿಲ್ಲ ಅಂದುಬಿಟ್ಟರು ಪ್ರೆಸಿಡೆಂಟರು, ಅಲ್ಲೇ, ನಮ್ಮೆಲ್ಲರ ಮುಂದೆ. ತಾತ ಯಾರಿಗೂ ಹೇಳದೆ ಕುರುಗೋಡಿನ ಬಸ್ಸಿಗೆ ನಡೆದರು.

ಗೇಟಿನ ಹೊರಗೆ ನನ್ನ ಗಂಡ ಸಾರಿನ ಕಾಲಿಗೆ ಬಿದ್ದ. ಸೊಂಟ ನೋವಿಗೆ ಏಳಲಾಗದೆ ಹಂಗೇ ಕಾಲು ಹಿಡಿದುಕೊಂಡಿದ್ದ. ಸಾರು ಅವನ ರಟ್ಟೆಗೆ ಕೈ ಹಾಕಿ ಎಬ್ಬಿಸಿದರು.

"ಬಿಡಪ್ಪಾ, ಸಾಕು. ಆವತ್ತು ನಾನಿದ್ದಿದ್ದರೆ ಮಕ್ಕಳ ಪುಸ್ತಕ ಒಂದೂ ಉಳಿಯುತ್ತಿರಲಿಲ್ಲ. ನಾನೂ ಆರಿಸುತ್ತಿದ್ದೆ, ನೋಡು." ಹಂಗಂದು ಮಗುವಿನ ಕೂದಲಿಗೆ ಹತ್ತಿದ್ದ ಹತ್ತಿ ತೆಗೆದರು. ಸತ್ಯನಾರಾಯಣಪೇಟೆಯ ಕಡೆ ನಡೆದುಹೋದರು. ಮುಂದೆ ಅವರು ಏನಾದರೋ ನಮಗೆ ತಿಳಿಯಲಿಲ್ಲ. ಮದುವೆಯಾಗಿ, ಮಕ್ಕಳು ಮರಿ ಆಗಿ, ನನ್ನಂಗೆ ಮೊಮ್ಮಕ್ಕಳನ್ನು ಎತ್ತಿ ಆಡಿಸಿರಲಿ ಅಂತ ಇವತ್ತಿಗೂ ಬೇಡಿಕೊಳ್ಳುತ್ತೇನೆ.

ಹೊಸ ಸಾರು ಬಂದರು. ಅವರು ಹಲಗೆಯನ್ನೂ ಬರೆಸಲಿಲ್ಲ, ಬಕೆಟ್ಟಿಗೆ ಮರಳನ್ನೂ ತುಂಬಿಸಲಿಲ್ಲ. ಕೇಳಿದರೆ "ನೋಡೋಣ ಬಿಡೋ" ಅಂತಿದ್ದರು. ಮರುವರ್ಷ ಮಳೆಗಾಲದಲ್ಲಿ ಹೊಳೆ ಏರುತ್ತಿದೆ ಅಂತ ಮತ್ತೆ ಸುದ್ದಿ ಹಬ್ಬಿತು. ಹೊಸ ಸಾರು ಊರಲ್ಲಿರಲಿಲ್ಲ. ನನ್ನ ಗಂಡ ಮಿಲ್ಲಿನಿಂದ ಒಂದು ಕೈಗಾಡಿ ಇಸಕೊಂಡು ಹೋದ. ಬೆಳಿಗ್ಗೆಯಿಂದ ಗಾಡಿ ತುಂಬಿ ತುಂಬಿ ತಂದ. ಅಟ್ಟವೂ ತುಂಬಿತು, ನಮ್ಮ ಮನೆಯೂ ತುಂಬಿತು. ಅಡುಗೆ ಮೂಲೆ, ದೇವರ ಗೂಡು, ತೊಟ್ಟಿಲ ಕೆಳಗೆ, ಎಲ್ಲ ಕಡೆ ಪುಸ್ತಕ. ದಪ್ಪ ದಪ್ಪನವು, ಒಬ್ಬರೂ ಮುಟ್ಟದವು, ಕೂಡಿಕೊಂಡ ಹಾಳೆ ಕೂಡ ಕತ್ತರಿಸಿ ಬಿಡಿಸದವು. ನಾನು ಹೊರಗೆ ಮೂರು ಕಲ್ಲು ಇಟ್ಟು ಗಂಜಿ ಕಾಯಿಸಿದೆ.

"ಇಷ್ಟು ಯಾಕಪ್ಪಾ ತಂದಿ? ಮಕ್ಕಳಿಗೆ ಮಲಗಾಕ ಜಾಗ ಇಲ್ಲ. ಬೇಕಾದ್ದಷ್ಟು ಇಟ್ಟು ಉಳಿದಿದ್ದು ಬಿಡಬೇಕಿಲ್ಲೇನು?" ಅಂದೆ.

ಅವನು ಸೊಂಟದ ಮೇಲೆ ಕೈ ಇಟ್ಟುಕೊಂಡು, ಬೆವರು ಒರೆಸಿಕೊಂಡು, ಮತ್ತೆ ಗಾಡಿಯ ಹಿಡಿಗೆ ಕೈ ಹಾಕಿದ.

"ಯಾವುದನ್ನ ಬಿಡ್ಲಿ, ನೀನೇ ಹೇಳು," ಅಂದ.

ನಾನು ಗಂಜಿ ಇಳಿಸಿಟ್ಟು ಗಾಡಿಯ ಹಿಂದೆ ಹೊರಟೆ. ಆ ವರ್ಷ ನೀರು ಮೆಟ್ಟಿಲಿಗೂ ಬರಲಿಲ್ಲ. ಹೊಳೆ ಇಳಿಯುವ ತನಕ ನಾವೆಲ್ಲ ಗೋಡೆಗೆ ಒರಗಿ ಕುಂತುಕೊಂಡೇ ನಿದ್ದೆ ಮಾಡಿದೆವು.